ಡೈಮಂಡ್‌ಬ್ಯಾಕ್ ಟೆರಾಪಿನ್ ಆಮೆಯ ಬಣ್ಣ, ಚುಕ್ಕೆ, ಗೆರೆ ಗುರುತಿಸುವುದು ಹೇಗೆ? ಮಲೆನಾಡಿನಲ್ಲಿ ಸಾಕುವವರಿಗೆ

ಟೆರಾಪಿನ್ ಬಣ್ಣ ನೋಡುವ ಮುಂಚೆ ಅದು ಇರುವ ನೀರು ನೋಡಿ. ನಮ್ಮ ಕಡೆ ಇದನ್ನೇ ಮೊದಲು ಹೇಳಬೇಕು. ಯಾಕೆಂದರೆ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಹೊಸನಗರದ ನೀರು, ಮಣ್ಣು, ಮಳೆ ಎಲ್ಲವೂ ಆಮೆಯ ಚಿಪ್ಪಿನ ಮೇಲೆ ತಮ್ಮ ಬಣ್ಣ ಬಿಡುತ್ತವೆ.

ಸಾಗರದ ಹುಡುಗನೊಬ್ಬ ಫೋಟೋ ಕಳಿಸಿ "ಅಣ್ಣಾ, ಬೆನ್ನೆಲ್ಲ ಕಿತ್ತಳೆ ಬಣ್ಣ ಇದೆ, ಇದು ಆರ್ನೇಟ್ ಅಲ್ವಾ?" ಅಂತ ಕೇಳಿದ್ದ. ಆರ್ನೇಟ್ ಅಂದರೆ ಬೆನ್ನ ಮೇಲೆ ಹಳದಿ ಅಥವಾ ಕಿತ್ತಳೆ ಮಚ್ಚೆ ಇರುವ ಟೆರಾಪಿನ್ ಬಗೆ. ಕಿತ್ತಳೆ ಇದ್ದದ್ದು ನಿಜ. ಆದರೆ ಅದು ಚಿಪ್ಪಿನ ತುಂಡುಗಳ ನಡುವಿನಲ್ಲಿ ಇರಲಿಲ್ಲ, ತುಂಡು ತುಂಡು ಕೂಡುವ ಸಂದಿಯಲ್ಲಿ ಜಾಸ್ತಿ ಇತ್ತು, ಉಗುರಿಗೂ ಹಿಡಿದಿತ್ತು, ತೊಟ್ಟಿಯ ಗೋಡೆಗೂ ಹಿಡಿದಿತ್ತು. ಅದು ಬೋರ್‌ವೆಲ್ ನೀರಿನ ಕಬ್ಬಿಣದ ಕಲೆ. ಆಮೆಯದ್ದಲ್ಲ.

ಮೊದಲು ಕಲೆ ಯಾವುದು, ಬಣ್ಣ ಯಾವುದು

ಕೆಮ್ಮಣ್ಣಿನ ಜಾಗದ ಬೋರ್‌ವೆಲ್ ನೀರಲ್ಲಿ ಕಬ್ಬಿಣ ಇರುತ್ತದೆ. ಬಕೆಟ್ಟಿಗೆ, ಬಚ್ಚಲ ನೆಲಕ್ಕೆ ಹಿಡಿಯುವ ಕೆಂಪು ಕಲೆ ಎಲ್ಲರೂ ನೋಡಿದ್ದೇವೆ. ಅದೇ ಕಲೆ ಆಮೆಯ ಚಿಪ್ಪಿಗೂ ಹಿಡಿಯುತ್ತದೆ. ಗುರುತಿಸುವುದು ಸುಲಭ: ಹುಟ್ಟಿನಿಂದ ಬಂದ ಬಣ್ಣ ಎಡಕ್ಕೂ ಬಲಕ್ಕೂ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ, ಬಿಲ್ಲೆಯ ಆಕಾರಕ್ಕೆ ಹೊಂದಿಕೊಂಡು ಇರುತ್ತದೆ. ಕಲೆ ಎಲ್ಲಿ ನೀರು ನಿಂತಿತೋ ಅಲ್ಲಿ ಕೂರುತ್ತದೆ. ಚಿಪ್ಪಿನ ಒಂದೊಂದು ತುಂಡನ್ನು ಇಲ್ಲಿ ಬಿಲ್ಲೆ ಅಂತಲೇ ಕರೆಯುತ್ತೇನೆ.

ಎರಡನೆಯದು ಚೊಗರು. ಬಿಸಿಲು ಕಾಯಲಿ ಅಂತ ತೊಟ್ಟಿಗೆ ಮರದ ತುಂಡು ಹಾಕುತ್ತಾರೆ, ಬಾದಾಮಿ ಎಲೆ ಹಾಕುತ್ತಾರೆ, ಕೆಲವರು ಅಡಿಕೆ ಹಾಳೆಯನ್ನೂ ಇಡುತ್ತಾರೆ. ಅದರ ಚೊಗರು ನೀರಿಗೆ ಇಳಿದು ತಿಂಗಳುಗಟ್ಟಲೆ ನಿಂತರೆ ತಿಳಿ ಬೂದು ಚಿಪ್ಪು ಕಂದು ಬಣ್ಣಕ್ಕೆ ತಿರುಗುತ್ತದೆ. ಹೊಟ್ಟೆ ಚಿಪ್ಪಿನ ಹಳದಿ ಕೂಡ ಹಳೇ ಕಾಗದದ ಬಣ್ಣಕ್ಕೆ ಬರುತ್ತದೆ. ಮೂರನೆಯದು ಪಾಚಿ, ಇದನ್ನು ಹೇಳಬೇಕಾಗಿಲ್ಲ, ಮಳೆಗಾಲದಲ್ಲಿ ನಮ್ಮಲ್ಲಿ ಕಲ್ಲು, ಗೋಡೆ, ಹಂಚು ಯಾವುದನ್ನೂ ಬಿಡುವುದಿಲ್ಲ.

ಇನ್ನೊಂದು ಇದೆ, ಇದು ಬಣ್ಣಕ್ಕಿಂತ ಜೀವದ ವಿಷಯ. ತೊಟ್ಟಿ ಮನೆಯ ಹಿತ್ತಲಲ್ಲಿ, ಅಡಿಕೆ ತೋಟದ ಪಕ್ಕ ಇದ್ದರೆ ಕೊಳೆ ರೋಗಕ್ಕೆ ಬೋರ್ಡೋ ಹೊಡೆಯುವಾಗ ಹನಿ ಗಾಳಿಯಲ್ಲಿ ಬಂದು ಬೀಳುತ್ತದೆ. ಚಿಪ್ಪಿನ ಮೇಲೆ ತಿಳಿ ನೀಲಿ ಚುಕ್ಕೆ ಕಂಡರೆ "ನೀಲಿ ಚುಕ್ಕೆಯ ಟೆರಾಪಿನ್" ಅಂತ ಖುಷಿಪಡಬೇಡಿ. ಅದು ಸುಣ್ಣ ಮತ್ತು ಮೈಲುತುತ್ತ. ತಾಮ್ರ ನೀರಿನ ಜೀವಿಗಳಿಗೆ ವಿಷ, ಆಮೆಗೆ ಹಾಕುವ ಬಸವನಹುಳ ಅಂತೂ ಬೇಗ ಸಾಯುತ್ತದೆ. ಔಷಧಿ ಹೊಡೆಯುವ ದಿನ ತೊಟ್ಟಿಗೆ ತಾಡಪತ್ರಿ ಮುಚ್ಚಿ, ಬಿದ್ದಿದ್ದರೆ ಆಮೆಯನ್ನು ತೊಳೆದು ನೀರು ಪೂರ್ತಿ ಬದಲಾಯಿಸಿ.

ತೊಳೆಯುವುದು ಹೇಗೆ ಅಂದರೆ, ಮಕ್ಕಳ ಮೆತ್ತನೆ ಹಲ್ಲುಜ್ಜುವ ಬ್ರಷ್, ಬರೀ ನೀರು, ಅಷ್ಟೇ. ಸೋಪು ಬೇಡ. ಹೊಳಪು ಬರಲಿ ಅಂತ ಕೊಬ್ಬರಿ ಎಣ್ಣೆ ಸವರುವುದಂತೂ ಬೇಡವೇ ಬೇಡ, ಎಣ್ಣೆಗೆ ಕೊಳೆ ಅಂಟುತ್ತದೆ, ಚಿಪ್ಪು ಸರಿಯಾಗಿ ಒಣಗುವುದಿಲ್ಲ, ಮತ್ತೆ ಎಣ್ಣೆ ಹಾಕಿದ ಚಿಪ್ಪಿನ ಫೋಟೋ ನೋಡಿ ಬಣ್ಣ ಹೇಳಲು ಆಗುವುದಿಲ್ಲ. ಬ್ರಷ್‌ಗೆ ಹೋಗದ ಕಬ್ಬಿಣದ ಕಲೆಯನ್ನು ಉಗುರಿಂದ ಕೆರೆಯಬೇಡಿ. ನೀರು ಬದಲಾಯಿಸಿ ಸುಮ್ನೆ ಕಾಯಿರಿ. ಟೆರಾಪಿನ್ ಬೆಳೆಯುವಾಗ ಬಿಲ್ಲೆಯ ಮೇಲಿನ ತೆಳು ಪದರ ಕಳಚುತ್ತದೆ, ಕಲೆ ಅದರ ಜೊತೆ ಹೋಗುತ್ತದೆ.

ಪದರ ಕಳಚುವ ಹೊತ್ತಿನಲ್ಲಿ ಬಿಲ್ಲೆ ಬೆಳ್ಳಿಯ ಹಾಗೆ ಮಂಕಾಗಿ ಕಾಣುತ್ತದೆ, ಪದರದ ಕೆಳಗೆ ಗಾಳಿ ಸೇರಿರುತ್ತದೆ. ಆಗ ಯಾವ ತೀರ್ಮಾನಕ್ಕೂ ಬರಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಬಿಸಿಲು ಇರುವುದೇ ಅಪರೂಪ. ಯುವಿಬಿ ಲೈಟು (ಬಿಸಿಲಿನ ನೇರಳಾತೀತ ಕಿರಣ ಕೊಡುವ ಲೈಟು), ಮೈ ಪೂರ್ತಿ ಒಣಗಿಸಿಕೊಳ್ಳಲು ಒಂದು ಜಾಗ ಇಲ್ಲದಿದ್ದರೆ ಹಳೇ ಪದರ ಹಾಗೇ ಉಳಿದು ಒಂದರ ಮೇಲೊಂದು ಕೂರುತ್ತದೆ.

ಕಾಯಿಲೆಯನ್ನು ಬಣ್ಣ ಅಂದುಕೊಳ್ಳುವುದು ಇದೆಲ್ಲಕ್ಕಿಂತ ಕೆಟ್ಟದ್ದು. ಹೊಟ್ಟೆ ಚಿಪ್ಪು ಇದ್ದಕ್ಕಿದ್ದಂತೆ ಗುಲಾಬಿ ಅಥವಾ ಕೆಂಪಾದರೆ ಅದು ರಕ್ತಕ್ಕೆ ಸೋಂಕು ಹತ್ತಿರುವ ಲಕ್ಷಣ ಆಗಿರಬಹುದು. ಬಿಳಿ ಮಚ್ಚೆ ಹತ್ತಿಯ ಹಾಗಿದ್ದರೆ ಬೂಷ್ಟು. ಒತ್ತಿದರೆ ಮೆತ್ತಗಾಗುವ, ವಾಸನೆ ಬರುವ, ಗುಳಿ ಬಿದ್ದ ಜಾಗ ಇದ್ದರೆ ಚಿಪ್ಪು ಕೊಳೆಯುತ್ತಿದೆ. ಇಂಥದ್ದು ಕಂಡರೆ ಬಣ್ಣದ ಮಾತು ಬಿಟ್ಟು ವೈದ್ಯರ ಹತ್ತಿರ ಹೋಗಿ, ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ.

ಈ ಕಾಯಿಲೆಗಳಿಗೆ ದೊಡ್ಡ ಕಾರಣ ಸಪ್ಪೆ ನೀರು. ಟೆರಾಪಿನ್ ಅಮೆರಿಕದ ಅಳಿವೆಯ ಆಮೆ. ನಮ್ಮ ಶರಾವತಿ ಹೊನ್ನಾವರದಲ್ಲಿ ಕಡಲು ಸೇರುವ ಕಡೆ ಇರುವಂಥ ಅರೆ ಉಪ್ಪು ನೀರು ಅದರ ಮನೆ. ಉತ್ತರ ಅಮೆರಿಕದ ಆಮೆಗಳಲ್ಲಿ ಇಡೀ ಬದುಕನ್ನು ಅಂಥ ನೀರಲ್ಲೇ ಕಳೆಯುವುದು ಇದೊಂದೇ. ತುಂಗೆಯ ನೀರಾಗಲಿ ಮಳೆ ನೀರಾಗಲಿ ಮೆದು ನೀರು, ಉಪ್ಪು ಸೇರಿಸದೆ ವರ್ಷಗಟ್ಟಲೆ ಇಟ್ಟರೆ ಚರ್ಮಕ್ಕೂ ಚಿಪ್ಪಿಗೂ ತೊಂದರೆ ಬರುತ್ತದೆ. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಇರುತ್ತದೆ, ಸಾಕುವವರು ಅದರ ಮೂರನೇ ಒಂದು ಪಾಲಿಗಿಂತ ಕಡಿಮೆಯಲ್ಲೇ ಇಡುತ್ತಾರೆ. ಅಡುಗೆಯ ಅಯೋಡಿನ್ ಉಪ್ಪು ಬೇಡ, ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಕಡಲ ಉಪ್ಪು ತನ್ನಿ. ಕುಡಿಯಲು ಮಾತ್ರ ಅದಕ್ಕೆ ಸಿಹಿನೀರು ಬೇಕು. ಅದರ ಸಹಜ ನೆಲೆಯಲ್ಲಿ ಮಳೆ ಬಂದಾಗ ಉಪ್ಪು ನೀರಿನ ಮೇಲೆ ತೇಲುವ ತೆಳು ಮಳೆನೀರಿನ ಪದರವನ್ನೇ ಅದು ಹೀರಿಕೊಂಡು ಕುಡಿಯುತ್ತದೆ. ನನಗೆ ಈ ಪ್ರಾಣಿಯ ಮೇಲೆ ಪ್ರೀತಿ ಬರಲು ಇದೂ ಒಂದು ಕಾರಣ.

ಫೋಟೋ ತೆಗೆಯುವ ರೀತಿ

ಟ್ಯೂಬ್‌ಲೈಟ್ ಕೆಳಗೆ ತೆಗೆದ ಫೋಟೋ ಒಂದು ಬಣ್ಣ, ಹಳದಿ ಬಲ್ಬಿನ ಕೆಳಗೆ ಇನ್ನೊಂದು ಬಣ್ಣ. ತೋಟದ ನೆರಳಲ್ಲಿ ತೆಗೆದರೆ ಎಲ್ಲವೂ ಹಸಿರು. ಮೋಡ ಕವಿದ ಬಯಲು ಬೆಳಕು ಇದಕ್ಕೆ ತುಂಬಾ ಒಳ್ಳೆಯದು, ಆ ವಿಷಯದಲ್ಲಿ ಮಲೆನಾಡಿನವರಿಗೆ ಕೊರತೆ ಇಲ್ಲ. ಅಂಗಳಕ್ಕೆ ತಂದು, ಬಿಳಿ ಹಾಳೆಯ ಮೇಲೆ ಇಟ್ಟು ತೆಗೆಯಿರಿ. ಹಾಳೆ ಬಿಳಿಯಾಗಿ ಕಂಡರೆ ಆಮೆಯ ಬಣ್ಣವೂ ನಂಬಬಹುದು. ಫೋನಿನ ಫಿಲ್ಟರ್ ಎಲ್ಲ ತೆಗೆದುಹಾಕಿ.

ಒದ್ದೆ ಇದ್ದಾಗ ಒಮ್ಮೆ, ಪೂರ್ತಿ ಒಣಗಿದ ಮೇಲೆ ಒಮ್ಮೆ ತೆಗೆಯಿರಿ. ಒದ್ದೆ ಚಿಪ್ಪಿನಲ್ಲಿ ಉಂಗುರ ಎದ್ದು ಕಾಣುತ್ತದೆ, ಒಣ ಚಿಪ್ಪಿನಲ್ಲಿ ನಿಜವಾದ ಬೂದು, ಕಂದು ತಿಳಿಯುತ್ತದೆ. ಮೇಲಿಂದ, ಹೊಟ್ಟೆಯ ಕಡೆಯಿಂದ, ಮುಖದ ಎಡ, ಮುಖದ ಬಲ, ಆಮೇಲೆ ಹಿಂದಿನಿಂದ ತೊಡೆ ಕಾಣುವ ಹಾಗೆ. ಹಿಂದಿನ ಫೋಟೋ ಯಾರೂ ತೆಗೆಯುವುದಿಲ್ಲ, ಆದರೆ ಒಂದು ಬಗೆಯನ್ನು ಗುರುತಿಸುವುದೇ ಅದರಿಂದ, ಮುಂದೆ ಹೇಳುತ್ತೇನೆ. ಹಿಡಿಯುವಾಗ ಎರಡೂ ಕೈಯಲ್ಲಿ, ಮುಂಗಾಲು ಹಿಂಗಾಲಿನ ನಡುವೆ ಚಿಪ್ಪಿನ ಬದಿ ಹಿಡಿಯಿರಿ. ಬಸವನಹುಳದ ಚಿಪ್ಪು, ಏಡಿ ಒಡೆದು ತಿನ್ನುವ ದವಡೆ ಅದು, ಬೆರಳು ದೂರ ಇರಲಿ. ಬೆನ್ನ ಮೇಲೆ ಮಗುಚಿ ಜಾಸ್ತಿ ಹೊತ್ತು ಇಡಬೇಡಿ. ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಆಮೆಯ ಮೈಮೇಲೆ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು, ಮನೆಯಲ್ಲಿ ಮಕ್ಕಳಿದ್ದರೆ ಇನ್ನೂ ಜಾಗ್ರತೆ.

ಇದು ಟೆರಾಪಿನ್ ಹೌದಾ?

ಅಂಗಡಿಯಲ್ಲಿ ಟೆರಾಪಿನ್ ಅಂತ ಕೊಡುವುದು ಬಹಳ ಸಲ ರೆಡ್ ಇಯರ್ಡ್ ಸ್ಲೈಡರ್. ಕಣ್ಣಿನ ಹಿಂದೆ ಕೆಂಪು ಪಟ್ಟೆ, ಕತ್ತು ಕಾಲಿನ ಮೇಲೆ ಹಳದಿ ಗೆರೆ, ಹಸಿರು ಮೈ ಇದ್ದರೆ ಅದು ಸ್ಲೈಡರ್, ಮುಂದಿನದು ಓದುವುದೇ ಬೇಡ. ಡೈಮಂಡ್‌ಬ್ಯಾಕ್‌ನ ಚರ್ಮ ಬೂದು, ನೀಲಿ ಬೂದು ಅಥವಾ ಬಿಳಿಗೆ ಹತ್ತಿರ, ಅದರ ಮೇಲೆ ಕಪ್ಪು ಚುಕ್ಕೆ. ಕತ್ತಿನಲ್ಲಿ ಹಳದಿ ಗೆರೆ ಇರುವುದಿಲ್ಲ.

ನಮ್ಮ ಹೊಳೆ, ಗದ್ದೆ, ಕೆರೆಯ ಕಪ್ಪಾಮೆಗೆ ಬೆನ್ನಿನ ಮೇಲೆ ಉದ್ದಕ್ಕೆ ಮೂರು ಏಣು ಇರುತ್ತವೆ. ಟೆರಾಪಿನ್‌ಗೆ ನಡುವೆ ಒಂದೇ ಏಣು. ಹೊಟ್ಟೆಯ ಕಡೆ ಕಾಲು ಮುಚ್ಚುವ ಚರ್ಮದ ಮುಚ್ಚಳ ಇದ್ದು ಬೆನ್ನು ನುಣುಪಾಗಿದ್ದರೆ ಅದು ಕೆರೆಯ ಮೆದು ಚಿಪ್ಪಿನ ಆಮೆ. ಘಟ್ಟದ ಕಾಡಿನಲ್ಲಿ ಕಿತ್ತಳೆ ಛಾಯೆಯ ಚಿಪ್ಪು, ಹಳದಿ ಮುಖದ ಪುಟ್ಟ ಆಮೆ ಇದೆ, ಅದು ಕೇನ್ ಟರ್ಟಲ್, ತೀರಾ ಅಪರೂಪದ್ದು. ಈ ಮೂರನ್ನೂ ಮನೆಗೆ ತರುವ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಇವಕ್ಕೆ ರಕ್ಷಣೆ ಇದೆ. ಗದ್ದೆಯಲ್ಲಿ ಸಿಕ್ಕಿದ್ದನ್ನು ಅಲ್ಲೇ ಬಿಡಿ, ಗಾಯ ಆಗಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ.

ಬೆನ್ನು ಚಿಪ್ಪು ಓದುವುದು

ನಡುವಿನ ಸಾಲಿನಲ್ಲಿ ಐದು ಬಿಲ್ಲೆ. ಅದರ ಎರಡೂ ಬದಿಗೆ ನಾಲ್ಕು ನಾಲ್ಕು ದೊಡ್ಡ ಬಿಲ್ಲೆ. ಸುತ್ತ ಅಂಚಿನಲ್ಲಿ ಚಿಕ್ಕವು. ಒಂದೆರಡು ಬಿಲ್ಲೆ ಜಾಸ್ತಿ ಇರುವ ಆಮೆಗಳೂ ಹುಟ್ಟುತ್ತವೆ, ಅದು ಬೇರೆ ಜಾತಿಯ ಗುರುತಲ್ಲ.

ಪ್ರತಿ ಬಿಲ್ಲೆಯಲ್ಲೂ ಮೂರು ವಿಷಯ ಕೇಳಿಕೊಳ್ಳಿ. ನಡುವಿನ ಬಣ್ಣ ಏನು, ಅದರ ಸುತ್ತ ಉಂಗುರ ಇದೆಯಾ, ಅಂಚಿನ ಬಣ್ಣ ಏನು. ಉಂಗುರದಲ್ಲಿ ಎರಡು ಥರ ಇದೆ ಅನ್ನುವುದನ್ನು ಬಹಳ ಜನ ಗಮನಿಸುವುದಿಲ್ಲ. ಒಂದು, ಬೆರಳಾಡಿಸಿದರೆ ಸಿಗುವ ಉಬ್ಬು ತಗ್ಗು. ಇದು ಬೆಳವಣಿಗೆಯ ಗುರುತು, ಕೊಯ್ದ ಮರದ ದಿಮ್ಮಿಯಲ್ಲಿ ಕಾಣುವ ಸುತ್ತುಗಳ ಹಾಗೆ. ಇನ್ನೊಂದು ಬರೀ ಬಣ್ಣದ ಉಂಗುರ, ತಿಳಿ ನೆಲದ ಮೇಲೆ ಕಪ್ಪು ಸುತ್ತು. ಎರಡೂ ಒಟ್ಟಿಗೆ ಇದ್ದಾಗಲೇ ವಜ್ರದ ಆಕಾರ ಚೆನ್ನಾಗಿ ಕಾಣುವುದು. ಆದರೆ ಉಬ್ಬು ಇದ್ದು ಬಣ್ಣ ಇಲ್ಲದ ಕಪ್ಪು ಆಮೆಗಳೂ ಇವೆ, ಬಣ್ಣ ಇದ್ದು ಮೈ ನುಣುಪಾದ ಮುದಿ ಆಮೆಗಳೂ ಇವೆ. ಹಾಗಾಗಿ ಬರೆದುಕೊಳ್ಳುವಾಗ ಎರಡನ್ನೂ ಬೇರೆ ಬೇರೆ ಬರೆಯಿರಿ. ಸಾಕಿದ ಆಮೆಯಲ್ಲಿ ಸುತ್ತು ಎಣಿಸಿ ವಯಸ್ಸು ಹೇಳಲು ಹೋಗಬೇಡಿ, ವರ್ಷವಿಡೀ ಊಟ ಸಿಕ್ಕಿದರೆ ಬೆಳವಣಿಗೆ ನಿಲ್ಲದೆ ನಡೆಯುತ್ತದೆ, ಎಣಿಕೆ ತಪ್ಪುತ್ತದೆ.

ಆಮೇಲೆ ಏಣು. ನಡುವಿನ ಬಿಲ್ಲೆಗಳ ಮೇಲೆ ಉದ್ದಕ್ಕೆ ಬೆರಳು ಎಳೆಯಿರಿ. ನೇರವಾಗಿ ಸಾಗುತ್ತದಾ, ಅಥವಾ ಗಂಟು ಗಂಟಾಗಿ ತಡೆಯುತ್ತದಾ? ಬಣ್ಣ ನಂಬಿಕೆಗೆ ಅರ್ಹವಲ್ಲದಾಗ ಈ ಗಂಟು ಸಹಾಯಕ್ಕೆ ಬರುತ್ತದೆ, ಯಾಕೆಂದರೆ ಕಬ್ಬಿಣದ ನೀರು ಗಂಟನ್ನು ಬದಲಾಯಿಸಲು ಆಗುವುದಿಲ್ಲ. ಕೊನೆಗೆ ಚಿಪ್ಪಿನ ಅಂಚು ನೋಡಿ: ಮೇಲಕ್ಕೆ ಮಡಚಿದೆಯಾ, ಅದಕ್ಕೆ ಬೇರೆ ಬಣ್ಣ ಇದೆಯಾ. ಮೇಲಿಂದ ನೋಡಿದಾಗ ಬದಿಗಳು ಹಿಂದಕ್ಕೆ ಹೋಗುತ್ತಾ ಅಗಲವಾಗುತ್ತವೆಯಾ, ಅಥವಾ ಒಂದಕ್ಕೊಂದು ಸಮಾನವಾಗಿ ಸಾಗುತ್ತವೆಯಾ ಅನ್ನುವುದನ್ನೂ ನೋಡಿ.

ಹೊಟ್ಟೆ ಚಿಪ್ಪು ಹಳದಿ, ಕಿತ್ತಳೆ, ಹಸಿರು ಬೂದು ಯಾವುದೂ ಇರಬಹುದು, ಮೇಲೆ ಕಪ್ಪು ಮಚ್ಚೆ ಇರಬಹುದು, ಇಲ್ಲದಿರಬಹುದು. ಕಪ್ಪು ಇದ್ದರೆ ಅದು ಮಚ್ಚೆಯಾಗಿ ಹರಡಿದೆಯಾ ಅಥವಾ ಬಿಲ್ಲೆಗಳ ಸಂದಿಯಲ್ಲಿ ಗೆರೆಯಾಗಿ ಇದೆಯಾ ಅಂತ ಬರೆದುಕೊಳ್ಳಿ.

ತಲೆ, ತುಟಿ, ಕಾಲು

ನನ್ನ ಪ್ರಕಾರ ಟೆರಾಪಿನ್‌ನ ಅಂದ ಇರುವುದು ಚರ್ಮದಲ್ಲಿ. ಒಂದರ ಚುಕ್ಕೆ ಇನ್ನೊಂದಕ್ಕೆ ಬರುವುದಿಲ್ಲ. ಒಂದೇ ಸೂಲಿನ ಮರಿಗಳಲ್ಲಿ ಕೂಡ ಒಂದಕ್ಕೆ ಸಾಸಿವೆಯಷ್ಟು ಸಣ್ಣ ಚುಕ್ಕೆ, ಇನ್ನೊಂದಕ್ಕೆ ದಪ್ಪ ಮಚ್ಚೆ, ಮತ್ತೊಂದಕ್ಕೆ ಚುಕ್ಕೆಗಳು ಕೂಡಿ ಗೆರೆ. ತಲೆಯ ನೆತ್ತಿ ಕಪ್ಪಾ ಬಿಳಿಯಾ, ಮೇಲ್ತುಟಿಯ ಮೇಲೆ ಮೀಸೆಯ ಹಾಗೆ ಕಪ್ಪು ಪಟ್ಟೆ ಇದೆಯಾ, ಕತ್ತಿನ ಚುಕ್ಕೆ ಬಿಡಿಬಿಡಿಯಾ ಕೂಡಿದ್ದಾ, ತೊಡೆಯ ಮೇಲೆ ಚುಕ್ಕೆಯಾ ಉದ್ದ ಗೆರೆಯಾ. ಇಷ್ಟನ್ನು ನೋಡಿದರೆ ಸಾಕು. ನಿಮ್ಮ ಹತ್ತಿರ ಎರಡು ಮೂರು ಆಮೆ ಇದ್ದರೆ ಕೆನ್ನೆಯ ಚುಕ್ಕೆಯಿಂದಲೇ ಯಾವುದು ಯಾವುದು ಅಂತ ಹೇಳಬಹುದು, ಚಿಪ್ಪಿಗೆ ಪೇಂಟ್ ಹಾಕಿ ಗುರುತು ಮಾಡುವ ಅಗತ್ಯವೇ ಇಲ್ಲ.

ತೊಟ್ಟಿಯ ತಳದ ಬಣ್ಣವನ್ನೂ ಗಮನಿಸಿ. ಸ್ಲೈಡರ್ ಮತ್ತು ಪೇಂಟೆಡ್ ಆಮೆಗಳನ್ನು ಕಪ್ಪು ತಳದಲ್ಲಿ ವಾರಗಟ್ಟಲೆ ಇಟ್ಟರೆ ಮೈ ಕಪ್ಪಾಗುತ್ತದೆ, ತಿಳಿ ತಳದಲ್ಲಿ ಇಟ್ಟರೆ ತಿಳಿಯಾಗುತ್ತದೆ ಅನ್ನುವುದು ಪರೀಕ್ಷೆ ಮಾಡಿ ಕಂಡ ವಿಷಯ. ಹಾಗಾಗಿ ಎರಡು ಟೆರಾಪಿನ್ ಹೋಲಿಸುವಾಗ ಎರಡೂ ಒಂದೇ ಥರದ ತೊಟ್ಟಿಯಲ್ಲಿ ಇದ್ದವಾ ಅಂತ ಕೇಳುವುದು ಒಳ್ಳೆಯದು.

ಏಳು ಬಗೆ

ಟೆರಾಪಿನ್ ಜಾತಿ ಒಂದೇ, ಮಲಾಕ್ಲೆಮಿಸ್ ಟೆರಾಪಿನ್. 1793ರಲ್ಲಿ ಜರ್ಮನಿಯ ನಿಸರ್ಗ ವಿಜ್ಞಾನಿ ಶೋಪ್ಫ್ ಇದನ್ನು ವಿವರಿಸಿದ. ಅಮೆರಿಕದ ಪೂರ್ವ ಕರಾವಳಿಯ ಕೇಪ್ ಕಾಡ್‌ನಿಂದ ಹಿಡಿದು, ಫ್ಲೋರಿಡಾ ಸುತ್ತಿ, ಟೆಕ್ಸಾಸ್‌ನ ಕಾರ್ಪಸ್ ಕ್ರಿಸ್ಟಿವರೆಗೆ ತೆಳು ಪಟ್ಟಿಯಾಗಿ ಇವು ಹಬ್ಬಿವೆ. ಈ ಉದ್ದದಲ್ಲಿ ಏಳು ಉಪಜಾತಿ ಅಂತ ಹೇಳುತ್ತಾರೆ.

ಏಣು ಮುಟ್ಟಿ ನೋಡಿದ್ದೀರಲ್ಲ, ಅಲ್ಲಿಂದ ಶುರುಮಾಡಿ. ಗಂಟು ಇಲ್ಲದ ಏಣು ಇದ್ದರೆ ಅಟ್ಲಾಂಟಿಕ್ ಕಡೆಯ ಎರಡರಲ್ಲಿ ಒಂದು. ನಾರ್ದರ್ನ್ ಬಗೆ ಕೇಪ್ ಕಾಡ್‌ನಿಂದ ಕೇಪ್ ಹ್ಯಾಟರಸ್‌ವರೆಗೆ ಸಿಗುತ್ತದೆ, ಅದರ ಚಿಪ್ಪು ಹಿಂದಕ್ಕೆ ಹೋಗುತ್ತಾ ಅಗಲವಾಗುತ್ತದೆ. ಕೆರೊಲಿನಾ ಬಗೆ ಅಲ್ಲಿಂದ ಕೆಳಗೆ ಉತ್ತರ ಫ್ಲೋರಿಡಾವರೆಗೆ, ಅದರ ಬದಿಗಳು ಹೆಚ್ಚುಕಡಿಮೆ ಸಮಾನವಾಗಿ ಸಾಗುತ್ತವೆ. ಬಣ್ಣದಲ್ಲಿ ಇವೆರಡನ್ನು ಬೇರೆ ಮಾಡಲು ಹೋದರೆ ಸೋಲುತ್ತೀರಿ. ಎರಡರಲ್ಲೂ ತಿಳಿ ಬೂದಿನಿಂದ ಕಡುಗಪ್ಪಿನವರೆಗೆ ಎಲ್ಲ ಬಣ್ಣ ಬರುತ್ತದೆ.

ಗಂಟು ಇದ್ದು, ಪ್ರತಿ ಬಿಲ್ಲೆಯ ನಡುವೆ ದೊಡ್ಡದಾಗಿ ಹಳದಿ ಅಥವಾ ಕಿತ್ತಳೆ ಮಚ್ಚೆ ಇದ್ದರೆ ಅದು ಆರ್ನೇಟ್, ಫ್ಲೋರಿಡಾದ ಪಶ್ಚಿಮ ತೀರದ್ದು. ಇದರಲ್ಲಿ ಸಂಶಯ ಕಡಿಮೆ. ಮಚ್ಚೆ ಬಿಲ್ಲೆಯ ನಡುವಿನಲ್ಲೇ ಇರಬೇಕು, ಸುತ್ತ ಕಪ್ಪು ಇರಬೇಕು, ಎಡ ಬಲ ಒಂದೇ ಥರ ಇರಬೇಕು.

ಗಂಟು ದಪ್ಪಗೆ ಉಬ್ಬಿದ್ದು, ಕತ್ತಿನಲ್ಲಿ ಬಿಡಿ ಚುಕ್ಕೆ ಕಾಣದೆ ಎಲ್ಲ ಕೂಡಿ ಒಂದೇ ಬೂದು ಆಗಿದ್ದು, ಹಿಂದಿನಿಂದ ನೋಡಿದರೆ ತೊಡೆಯ ಮೇಲೆ ಉದ್ದಕ್ಕೆ ಗೆರೆ ಇದ್ದರೆ ಅದು ಮ್ಯಾಂಗ್ರೋವ್, ಫ್ಲೋರಿಡಾ ಕೀಸ್ ದ್ವೀಪಗಳದ್ದು. ಹಿಂದಿನ ಫೋಟೋ ಬೇಕು ಅಂದದ್ದು ಇದಕ್ಕೇ. ಹೊಟ್ಟೆ ಚಿಪ್ಪಿನ ಸಂದಿಗಳಲ್ಲಿ ಕಪ್ಪು ಗೆರೆ ಇರುವುದೂ ಇದರ ಲಕ್ಷಣ.

ಜಾಸ್ತಿ ಗೊಂದಲ ಆಗುವುದು ಮೆಕ್ಸಿಕೋ ಕೊಲ್ಲಿಯ ಎರಡರಲ್ಲಿ. ಮಿಸಿಸಿಪ್ಪಿ ಬಗೆಗೆ ಕಪ್ಪು ಮೀಸೆ, ಕಪ್ಪು ನೆತ್ತಿ, ಕಪ್ಪು ಕಾಲು, ಕಡುಬಣ್ಣದ ಬೆನ್ನು, ಅದಕ್ಕೆ ಮೇಲಕ್ಕೆ ಮಡಚಿದ ಹಳದಿ ಅಥವಾ ಕಿತ್ತಳೆ ಅಂಚು, ಹೊಟ್ಟೆ ಹಳದಿ. ಟೆಕ್ಸಾಸ್ ಬಗೆಗೆ ಬಿಳಿ ಮೇಲ್ತುಟಿ, ಬಿಳಿ ನೆತ್ತಿ, ಹಸಿರು ಬೂದು ಕತ್ತಿನ ಮೇಲೆ ದಟ್ಟ ಕಪ್ಪು ಚುಕ್ಕೆ, ಬಿಳಚಿದ ಹೊಟ್ಟೆ. ಎರಡಕ್ಕೂ ಗಂಟು ಚೆನ್ನಾಗಿ ಇರುತ್ತದೆ, ಮರಿಯಲ್ಲಿ ಅಂತೂ ಮಣಿ ಜೋಡಿಸಿದಷ್ಟು ಸ್ಪಷ್ಟ. ಲೂಸಿಯಾನಾದ ಪಶ್ಚಿಮದಲ್ಲಿ ಇವೆರಡರ ಗಡಿ ಕೂಡುತ್ತದೆ, ಅಲ್ಲಿಯ ಆಮೆಗಳಲ್ಲಿ ಎರಡರ ಗುಣವೂ ಕಾಣುವುದು ಸಹಜ. ಮೀಸೆ ಒಂದನ್ನೇ ನೋಡಿ ಮಿಸಿಸಿಪ್ಪಿ ಅನ್ನಬೇಡಿ, ಮೀಸೆ ಬೇರೆ ಬಗೆಗಳಲ್ಲೂ ಬರುತ್ತದೆ. ಮೀಸೆ, ನೆತ್ತಿ, ಅಂಚು, ಗಂಟು ನಾಲ್ಕೂ ಒಂದೇ ಮಾತು ಹೇಳಿದರೆ ಮಾತ್ರ ಹೆಸರು ಹೇಳಿ.

ಉಳಿದದ್ದು ಫ್ಲೋರಿಡಾ ಪೂರ್ವ ತೀರದ್ದು. ಬಿಲ್ಲೆಯ ನಡು ತಿಳಿಯಾಗಿರುತ್ತದೆ, ಬಣ್ಣದ ಉಂಗುರ ಇರುವುದಿಲ್ಲ, ಏಣಿನ ಗಂಟು ಹಿಂದಕ್ಕೆ ಬಾಗಿರುತ್ತದೆ. ಸಾಕುವವರ ಹತ್ತಿರ ಕಾಣುವುದು ಕಡಿಮೆ.

ಹೆಸರು ಯಾಕೆ ಜಾರುತ್ತದೆ

ಈ ಗಡಿಗಳು ಮನುಷ್ಯ ಕೈಹಾಕುವ ಮುಂಚೆಯೂ ಗಟ್ಟಿ ಇರಲಿಲ್ಲ, ಆಮೇಲೆ ಇನ್ನೂ ಕಲಸಿಹೋದವು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಅಮೆರಿಕದ ದೊಡ್ಡ ಹೋಟೆಲುಗಳಲ್ಲಿ ಟೆರಾಪಿನ್ ಸೂಪು ದುಬಾರಿ ಊಟ ಆಗಿತ್ತು. ಚೆಸಾಪೀಕ್ ಕೊಲ್ಲಿಯ ಆಮೆ ಮುಗಿಯುತ್ತಾ ಬಂದಾಗ ದಕ್ಷಿಣದಿಂದ ತರಿಸಿ ಕೊಳಗಳಲ್ಲಿ ಸಾಕಿದರು. ನಾರ್ತ್ ಕೆರೊಲಿನಾದ ಬೋಫರ್ಟ್‌ನಲ್ಲಿ ಸರ್ಕಾರದ ಮೀನುಗಾರಿಕೆ ಕೇಂದ್ರವೇ ಟೆರಾಪಿನ್ ಮರಿ ಮಾಡಿಸುತ್ತಿತ್ತು, ಅಲ್ಲಿ ಕೆರೊಲಿನಾ ಮತ್ತು ಟೆಕ್ಸಾಸ್ ಆಮೆಗಳನ್ನು ಕೂಡಿಸಿದ್ದೂ ಇದೆ. ಅದೇ ಚೆಸಾಪೀಕ್ ಕೊಲ್ಲಿಯ ದಡದ ಮೇರಿಲ್ಯಾಂಡ್ ರಾಜ್ಯ 1994ರಲ್ಲಿ ಟೆರಾಪಿನ್ ಅನ್ನು ತನ್ನ ರಾಜ್ಯ ಸರೀಸೃಪ ಅಂತ ಘೋಷಿಸಿತು. ತಿಂದು ಮುಗಿಸುತ್ತಿದ್ದ ನಾಡೇ ಅದನ್ನು ತನ್ನ ಗುರುತು ಮಾಡಿಕೊಂಡದ್ದು ನನಗೆ ನಿಜವಾಗಿಯೂ ಸಮಾಧಾನ ಕೊಡುವ ವಿಷಯ.

ಸಾಕಿದ ಆಮೆಯಲ್ಲಿ ಬೆರಕೆ ಇನ್ನೂ ಜಾಸ್ತಿ. ಆರ್ನೇಟ್ ಗಂಡು, ನಾರ್ದರ್ನ್ ಹೆಣ್ಣು ಒಂದೇ ತೊಟ್ಟಿಯಲ್ಲಿದ್ದರೆ ಮರಿಗೆ ಕಿತ್ತಳೆ ಮಚ್ಚೆಯೂ ಬರಬಹುದು, ಗಂಟಿಲ್ಲದ ಏಣೂ ಬರಬಹುದು. ಮಾರುವವರು ಅದಕ್ಕೆ ತಮಗೆ ಬೇಕಾದ ಹೆಸರು ಕೊಡುತ್ತಾರೆ. "ಕಾನ್ಸೆಂಟ್ರಿಕ್" ಅಂತ ಕೇಳುತ್ತೀರಲ್ಲ, ಅದು ಉಪಜಾತಿ ಅಲ್ಲ. ತಿಳಿ ಬಿಲ್ಲೆಯ ಮೇಲೆ ಕಪ್ಪು ಉಂಗುರ ಸ್ಪಷ್ಟವಾಗಿ ಇರುವ ಆಮೆಗೆ ಇಟ್ಟ ಮಾರುಕಟ್ಟೆ ಹೆಸರು, ಹೆಚ್ಚಾಗಿ ನಾರ್ದರ್ನ್ ಮತ್ತು ಕೆರೊಲಿನಾ ಬಗೆಗೆ ಹೇಳುತ್ತಾರೆ. ನೋಡಲು ಬಹಳ ಚೆಂದ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಹೆಸರಿಗೆ ಅಂತ ಜಾಸ್ತಿ ದುಡ್ಡು ಕೊಡುವಾಗ ನೀವು ಕೊಳ್ಳುತ್ತಿರುವುದು ಒಂದು ಮರಿಯ ಇವತ್ತಿನ ನೋಟ ಅನ್ನುವುದು ನೆನಪಿರಲಿ. ಹುಟ್ಟಿದ ಮರಿ 3 ಸೆಂಟಿಮೀಟರ್ ಆಸುಪಾಸು ಇರುತ್ತದೆ, ಉಂಗುರ ಬರೆದ ಹಾಗೆ ಇರುತ್ತದೆ. ಬೆಳೆಯುತ್ತಾ ಕೆಲವು ಕಪ್ಪಾಗುತ್ತವೆ, ಕೆಲವು ಮಾಸುತ್ತವೆ. ಹೆಣ್ಣು 23 ಸೆಂಟಿಮೀಟರ್‌ವರೆಗೂ ಬೆಳೆಯುತ್ತದೆ, ವಯಸ್ಸಾದ ಹೆಣ್ಣಿನ ಚಿಪ್ಪು ಸವೆದು ನುಣುಪಾಗಿ ಏಣಿನ ಗಂಟೂ ತಗ್ಗುತ್ತದೆ. ಗಂಡು ಹೆಣ್ಣಿನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಸುಮಾರು 13, 14 ಸೆಂಟಿಮೀಟರ್. ಅದರ ಬಾಲ ದಪ್ಪ, ಉದ್ದ. ಹಾಗಾಗಿ ದೊಡ್ಡ ತಲೆಯ, ಮಾಸಿದ ಚಿಪ್ಪಿನ ಆಮೆಯನ್ನೂ ಪುಟ್ಟ, ಹೊಳೆಯುವ ಆಮೆಯನ್ನೂ ಪಕ್ಕದಲ್ಲಿಟ್ಟು ಎರಡು ಬಗೆ ಅಂತ ಹೇಳುವ ಮುಂಚೆ ಬಾಲ ನೋಡಿ.

ಬಿಳಿ, ಹಳದಿ ಆಮೆಗಳು

ಚರ್ಮದಲ್ಲಿ ಒಂದೂ ಚುಕ್ಕೆ ಇಲ್ಲದ, ಬಿಳಿಗೆ ಹತ್ತಿರದ ಆಮೆಗಳು ಇವೆ. ಅವೆಲ್ಲ ಆಲ್ಬಿನೋ ಅಲ್ಲ. ಕಣ್ಣು ನೋಡಿ. ಕಣ್ಣು ಕೆಂಪು ಅಥವಾ ಗುಲಾಬಿ, ಚಿಪ್ಪಿನಲ್ಲಿ ಎಲ್ಲೂ ಕಪ್ಪಿಲ್ಲ, ಉಗುರೂ ಬಿಳಿ ಅಂದರೆ ಆಲ್ಬಿನೋ. ಮೈ ಬಿಳಿ ಇದ್ದು ಕಣ್ಣು ಕಪ್ಪಿದ್ದರೆ ಲ್ಯೂಸಿಸ್ಟಿಕ್. ಕಪ್ಪು ಪೂರ್ತಿ ಹೋಗದೆ ತಿಳಿ ಕಂದು ಆಗಿ ಉಳಿದಿದ್ದರೆ ಹೈಪೋ. ಚಿಪ್ಪು ಕಪ್ಪೇ ಇದ್ದು ಚರ್ಮ ಮಾತ್ರ ಬಿಳಿ ಇದ್ದರೆ ಅದು ಸಾಮಾನ್ಯ ಟೆರಾಪಿನ್, ಚುಕ್ಕೆ ಕಡಿಮೆ ಅಷ್ಟೇ. ಆಲ್ಬಿನೋ ಆಮೆಯ ಕಣ್ಣಿಗೆ ಜೋರು ಬೆಳಕು ಆಗುವುದಿಲ್ಲ, ನೆರಳಿನ ಜಾಗ ಬೇಕೇ ಬೇಕು.

ಕಾಗದಪತ್ರ, ಮತ್ತೆ ಬರೆದಿಡುವ ರೀತಿ

2013ರಿಂದ ಟೆರಾಪಿನ್ ಸೈಟಿಸ್ ಒಪ್ಪಂದದ (ಕಾಡು ಪ್ರಾಣಿ, ಗಿಡಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಮಿತಿ ಹಾಕುವ ಒಪ್ಪಂದ) ಎರಡನೇ ಅನುಬಂಧದಲ್ಲಿ ಇದೆ. ನಮ್ಮ ವನ್ಯಜೀವಿ ಕಾಯ್ದೆಗೆ 2022ರಲ್ಲಿ ಬಂದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಸೈಟಿಸ್ ಪಟ್ಟಿಯ ಪ್ರಾಣಿ ಇಟ್ಟುಕೊಂಡವರು ಅದನ್ನು ತಿಳಿಸಿ ನೋಂದಾಯಿಸಬೇಕು, ಅದಕ್ಕೆ 2024ರಲ್ಲಿ ನಿಯಮ ಬಂತು, ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಕಾಗದ ಇಲ್ಲದ ಮರಿಯನ್ನು ಬಣ್ಣಕ್ಕೆ ಮರುಳಾಗಿ ಕೊಳ್ಳಬೇಡಿ. ಸಾಕಲು ಆಗಲಿಲ್ಲ ಅಂತ ತುಂಗೆಗೋ ಭದ್ರೆಗೋ ಬಿಡಬೇಡಿ, ಸಪ್ಪೆ ನೀರು ಅದಕ್ಕೂ ಒಳ್ಳೆಯದಲ್ಲ, ಅದು ಹೊತ್ತ ಕಾಯಿಲೆ ನಮ್ಮ ಆಮೆಗಳಿಗೂ ಒಳ್ಳೆಯದಲ್ಲ. ಅರಣ್ಯ ಇಲಾಖೆಯವರನ್ನು ಕೇಳಿ.

ಬರೆದಿಡುವಾಗ ಹೆಸರನ್ನು ಕೊನೆಗೆ ಬರೆಯಿರಿ, ಲಕ್ಷಣ ಮೊದಲು. ಹೀಗೆ: "ಹೆಣ್ಣು, 16 ಸೆಂಟಿಮೀಟರ್. ಒಣ ಚಿಪ್ಪು ತಿಳಿ ಬೂದು, ಬಿಲ್ಲೆಯ ನಡು ಕಂದು, ಎರಡು ಕಪ್ಪು ಉಂಗುರ, ಉಬ್ಬು ತಗ್ಗು ಸ್ಪಷ್ಟ. ಏಣಿನಲ್ಲಿ ಗಂಟಿಲ್ಲ. ಚಿಪ್ಪು ಹಿಂದಕ್ಕೆ ಅಗಲ. ಅಂಚು ಬೇರೆ ಬಣ್ಣ ಇಲ್ಲ. ಹೊಟ್ಟೆ ಹಳದಿ, ಮಚ್ಚೆ ಹರಡಿದೆ. ಚರ್ಮ ನೀಲಿ ಬೂದು, ಬಿಡಿ ಚುಕ್ಕೆ, ತೊಡೆಯಲ್ಲೂ ಚುಕ್ಕೆ. ಮೀಸೆ ಇಲ್ಲ. ಸಂದಿಯಲ್ಲಿ ಕೆಂಪು ಕಲೆ, ಬೋರ್‌ವೆಲ್ ನೀರಿನದು. ಬಹುಶಃ ನಾರ್ದರ್ನ್, ತಂದೆ ತಾಯಿ ಗೊತ್ತಿಲ್ಲ." ಫೋಟೋದ ಜೊತೆ ತಾರೀಕು, ನೀರು ಎಲ್ಲಿಯದು, ಉಪ್ಪು ಎಷ್ಟು, ಒದ್ದೆಯಾ ಒಣಗಿದ್ದಾ ಅನ್ನುವುದೂ ಇರಲಿ. ಮಳೆಗಾಲ ಶುರುವಾಗುವ ಮುಂಚೆ ಒಮ್ಮೆ, ದೀಪಾವಳಿ ಹೊತ್ತಿಗೆ ಬಿಸಿಲು ಬಂದು ಪದರ ಕಳಚಿದ ಮೇಲೆ ಇನ್ನೊಮ್ಮೆ ಅದೇ ಐದು ಕೋನದಿಂದ ತೆಗೆದರೆ ಯಾವುದು ಬದಲಾಯಿತು, ಯಾವುದು ಹಾಗೇ ಇದೆ ಅನ್ನುವುದು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ತಿಳಿಯುತ್ತದೆ. "ಬಹುಶಃ" ಅನ್ನುವುದನ್ನು ಆಮೇಲೆ ಬೇಕಾದರೆ ತೆಗೆಯಬಹುದು.